ಕಾರ್ಯಜೀವನದ ಸ್ಮೃತಿ ಮತ್ತು ಮುಂದಾಳುತನ: ವಿಶ್ವೇಶ್ವರಯ್ಯನವರ ಗ್ರಂಥವನ್ನು ಕುರಿತು ಒಂದು ವಿವೇಚನೆ

1

ಆತ್ಮಚರಿತ್ರೆಗಳಲ್ಲಿ ಎರಡು ಬಗೆಗಳನ್ನು ಗುರುತಿಸಬಹುದು. ಬರೆಯುವಾತನು ಎಂಥವನಾಗಿದ್ದನು ಎಂಬುದನ್ನು ತಿಳಿಸುವುದು ಒಂದು ಬಗೆ. ಆತನು ಏನನ್ನು ಮಾಡಿದನು ಎಂಬುದನ್ನು ತಿಳಿಸುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಬಾಲ್ಯ, ಮನೆತನ, ಸ್ನೇಹ, ಅಂತರಂಗದ ತುಮುಲ ಇವು ಪ್ರಧಾನ. ಎರಡನೆಯದರಲ್ಲಿ ಕಚೇರಿ, ಕಾಮಗಾರಿ, ಅಂದಾಜುಪಟ್ಟಿ, ಫಲಿತಾಂಶ ಇವು ಪ್ರಧಾನ. ನಮ್ಮ ಸಾಹಿತ್ಯವಿಮರ್ಶೆ ಸಾಮಾನ್ಯವಾಗಿ ಮೊದಲನೆಯ ಬಗೆಯನ್ನು ಆದರಿಸಿ, ಎರಡನೆಯದನ್ನು ಇತಿಹಾಸಕಾರರ ಪಾಲಿಗೆ ಬಿಟ್ಟುಕೊಟ್ಟಿದೆ. ಇದು ಅಷ್ಟು ಯುಕ್ತವೆಂದು ತೋರುವುದಿಲ್ಲ. ಮನುಷ್ಯನು ತನ್ನ ಎಚ್ಚರದ ಬಾಳಿನ ಬಹುಭಾಗವನ್ನು ಕಳೆಯುವುದು ದುಡಿಮೆಯ ಸ್ಥಳದಲ್ಲಿ; ಅಲ್ಲಿ ಅವನು ಮೇಲಿನವರಿಗೆ ತಲೆಬಾಗುತ್ತಾನೆ, ಕೆಳಗಿನವರನ್ನು ನಡೆಸುತ್ತಾನೆ, ಕೆಲವೊಮ್ಮೆ ಯಾರೂ ಹೇಳದೆಯೇ ಒಂದು ಹೊಣೆಯನ್ನು ತಾನಾಗಿ ಹೊರುತ್ತಾನೆ. ಇದನ್ನು ಚಿತ್ರಿಸುವ ಬರಹಕ್ಕೂ ಸಾಹಿತ್ಯದ ಒರೆಗಲ್ಲು ಸಲ್ಲುತ್ತದೆ.

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1951ರಲ್ಲಿ ಪ್ರಕಟಿಸಿದ ‘ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’ ಎಂಬ ಇಂಗ್ಲಿಷ್ ಗ್ರಂಥ ಈ ಎರಡನೆಯ ಬಗೆಗೆ ಒಳ್ಳೆಯ ನಿದರ್ಶನ. ಗ್ರಂಥದ ಹೆಸರೇ ಅದರ ಎಲ್ಲೆಯನ್ನು ಸೂಚಿಸುತ್ತದೆ: ಇದು ಜೀವನದ ಸ್ಮೃತಿಯಲ್ಲ, ಕಾರ್ಯಜೀವನದ ಸ್ಮೃತಿ. ಭಾಷೆ ಇಂಗ್ಲಿಷಾದರೂ ಇದರ ಕರ್ತೃ ಕನ್ನಡಿಗರು. ಇದರ ಬಹುಮುಖ್ಯ ಘಟನೆಗಳು ನಡೆದದ್ದು ಕನ್ನಡ ನಾಡಿನಲ್ಲಿ. ಇದರ ಪ್ರಭಾವ ಇಂದಿಗೂ ಉಳಿದಿರುವುದು ಕನ್ನಡಿಗರ ಮನಸ್ಸಿನಲ್ಲಿ. ಪ್ರತಿವರ್ಷ ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದಂದು ಅವರ ಹೆಸರಿನಲ್ಲಿ ಭಾಷಣಗಳು ಜರುಗುತ್ತವೆ. ಬೆಂಗಳೂರಿನ ಕಂಪನಿಗಳಲ್ಲಿ ಈಗ ‘ಟೀಮ್ ಲೀಡ್’ ಎಂಬ ಹುದ್ದೆಯೇ ಉಂಟು. ‘ಇನಿಷಿಯೇಟಿವ್’ ತೆಗೆದುಕೊಳ್ಳುವನೋ ಇಲ್ಲವೋ ಎಂದು ನೌಕರನನ್ನು ವರ್ಷಕ್ಕೊಮ್ಮೆ ಅಳೆಯುವ ಪದ್ಧತಿಯೂ ಉಂಟು. ಇಂಥ ಸಂದರ್ಭದಲ್ಲಿ ವಿಶ್ವೇಶ್ವರಯ್ಯನವರು ಒಬ್ಬಂಟಿಯಾಗಿ ಎಲ್ಲವನ್ನೂ ಸಾಧಿಸಿದ ಮಹಾಪುರುಷರಾಗಿ ಉದಾಹೃತರಾಗುತ್ತಾರೆ. ಗ್ರಂಥವು ನಿಜವಾಗಿ ಹೇಳುವುದು ಇದನ್ನೇ ಎಂಬುದು ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ.

2

ಗ್ರಂಥದ ಆರಂಭಭಾಗದಲ್ಲಿಯೇ ಬರುವ ಒಂದು ಪ್ರಸಂಗ ಈ ವಿಚಾರಕ್ಕೆ ತಕ್ಕ ಪ್ರವೇಶವಾಗಿದೆ. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸಹಾಯಕ ಎಂಜಿನಿಯರಾಗಿ ಸೇರಿದರು. ಖಾನದೇಶದ ದಾತರ್ತಿ ಎಂಬಲ್ಲಿ ಹಳ್ಳಕ್ಕೆ ಅಡ್ಡಲಾಗಿ ಕೊಳವೆಯ ಸೈಫನ್ ಒಂದನ್ನು ನಿರ್ಮಿಸುವ ಕೆಲಸ ಅವರ ಪಾಲಿಗೆ ಬಂದಿತು. ಮಳೆಗಾಲ ಹತ್ತಿ, ಕಟ್ಟಿದ ಭಾಗದ ಮೇಲೆ ಮರಳು ತುಂಬತೊಡಗಿದಾಗ, ಮಳೆ ಮುಗಿಯುವವರೆಗೆ ಕೆಲಸವನ್ನು ನಿಲ್ಲಿಸುವುದು ಲೇಸೆಂದು ಅವರು ಮೇಲಧಿಕಾರಿಗೆ ಬರೆದರು. ಮೇಲಧಿಕಾರಿಗೆ ಆ ಸಲಹೆ ಶಿಸ್ತಿನ ಕೊರತೆಯಂತೆ ಕಂಡಿತು. ತರುಣ ಎಂಜಿನಿಯರು ವಾದಿಸದೆ ಕೆಲಸವನ್ನು ಮುಂದುವರಿಸಿ, ಪ್ರವಾಹದ ನಡುವೆಯೇ ಅದನ್ನು ಮುಗಿಸಿದರು. ಮೇಲಧಿಕಾರಿಯೂ ತನ್ನ ಪ್ರತಿಕೂಲವಾದ ಅಭಿಪ್ರಾಯವನ್ನು ಹಿಂತೆಗೆದುಕೊಂಡನು.

ಈ ಪ್ರಸಂಗವನ್ನು ಹಲವರು ಛಲದ ಕಥೆಯಾಗಿ ಹೇಳುವುದುಂಟು. ಸ್ವಲ್ಪ ಸೂಕ್ಷ್ಮವಾಗಿ ನೋಡಿದರೆ ಅದರಲ್ಲಿ ಬೇರೊಂದು ಅರ್ಥ ಹೊಳೆಯುತ್ತದೆ. ಇಲ್ಲಿ ತರುಣನು ತಾನಾಗಿ ಮುಂದೆ ಬಂದದ್ದು ಯಾವಾಗ? ಕೆಲಸವನ್ನು ಮುಗಿಸಿದಾಗಲೋ, ಅಥವಾ ಕೆಲಸವನ್ನು ನಿಲ್ಲಿಸೋಣವೆಂದು ಸೂಚಿಸಿದಾಗಲೋ? ಮುಗಿಸಿದುದು ಆಜ್ಞಾಪಾಲನೆ, ಸೂಚಿಸಿದುದೇ ಸ್ವಯಂಪ್ರೇರಣೆ. ಸ್ಥಳದಲ್ಲಿ ನಿಂತು ಹಳ್ಳವನ್ನು ಕಣ್ಣಾರೆ ಕಂಡವನ ತೀರ್ಮಾನವು ದೂರದ ಕಚೇರಿಯಲ್ಲಿ ಅವಿಧೇಯತೆಯ ಹೆಸರನ್ನು ಪಡೆಯಿತು. ಕೊನೆಗೆ ಮೆಚ್ಚುಗೆ ಸಂದದ್ದು ಅವನ ವಿವೇಚನೆಗಲ್ಲ, ಸಹನೆಗೆ. ಗ್ರಂಥಕರ್ತರು ಇದನ್ನು ಯಾವ ಕಹಿಯೂ ಇಲ್ಲದೆ ಹೇಳುತ್ತಾರೆ. ಅದು ಅವರ ಸ್ವಭಾವದ ದೊಡ್ಡತನ. ಆದರೆ ಇದರಿಂದ ಹೊರಡುವ ಪ್ರಶ್ನೆಯನ್ನು ಅವರು ಎತ್ತುವುದಿಲ್ಲ. ಕೆಳಗಿನವನ ತಿಳಿವಳಿಕೆಯನ್ನು ಮೇಲಿನವನು ಕೇಳಿಸಿಕೊಳ್ಳುವಂತೆ ಒಂದು ಇಲಾಖೆಯನ್ನು ರೂಪಿಸುವುದು ಹೇಗೆ? ಮುಂದೆ ತಾವೇ ಮೇಲಧಿಕಾರಿಗಳಾದಾಗ ಅವರು ಇದಕ್ಕೆ ಕೊಟ್ಟ ಉತ್ತರವನ್ನು ಅವರ ಮಾತುಗಳಲ್ಲಿ ಅಲ್ಲ, ಅವರ ಕಾರ್ಯಗಳಲ್ಲಿ ಹುಡುಕಬೇಕಾಗುತ್ತದೆ.

3

ಅವರ ಪ್ರತಿಭೆಯ ವಿಶೇಷ ಮುದ್ರೆಯೆಂದು ಹೇಳಬಹುದಾದ ಕೃತಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರಚಿಸಿದ ಸ್ವಯಂಚಾಲಿತ ಬಾಗಿಲುಗಳು. ನೀರು ಗೊತ್ತಾದ ಮಟ್ಟಕ್ಕೆ ಏರಿದೊಡನೆ ಈ ಬಾಗಿಲುಗಳು ತಾವಾಗಿ ತೆರೆದುಕೊಂಡು ಹೆಚ್ಚಿನ ನೀರನ್ನು ಹೊರಬಿಡುತ್ತವೆ. ನೀರು ಇಳಿದೊಡನೆ ತಾವಾಗಿ ಮುಚ್ಚಿಕೊಳ್ಳುತ್ತವೆ. ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರನ್ನು ಸಂಗ್ರಹಿಸಲು ಇದರಿಂದ ಸಾಧ್ಯವಾಯಿತು. ರಾತ್ರಿಯ ವೇಳೆ ಕಾವಲುಗಾರನು ನಿದ್ರೆಹೋದರೂ, ಮಳೆಯ ಅಬ್ಬರದಲ್ಲಿ ಸುದ್ದಿ ತಡವಾಗಿ ಬಂದರೂ, ಕಟ್ಟೆಗೆ ಅಪಾಯವಿಲ್ಲ.

ಈ ಬಾಗಿಲನ್ನು ವಿಶ್ವೇಶ್ವರಯ್ಯನವರ ಆಡಳಿತಕಲ್ಪನೆಗೆ ಪ್ರತೀಕವೆಂದು ತಿಳಿದರೆ ತಪ್ಪಾಗಲಾರದು. ನೀರಾ ಕಾಲುವೆಯ ಪ್ರದೇಶದಲ್ಲಿ ಅವರು ಜಾರಿಗೆ ತಂದ ಬ್ಲಾಕ್ ಪದ್ಧತಿಯನ್ನು ನೋಡಬಹುದು. ಜಮೀನನ್ನು ಬ್ಲಾಕುಗಳಾಗಿ ಗೊತ್ತುಮಾಡಿ, ಕಬ್ಬು ಮೊದಲಾದ ಹೆಚ್ಚು ನೀರಿನ ಬೆಳೆಗಳನ್ನೂ ಕಡಿಮೆ ನೀರಿನ ಬೆಳೆಗಳನ್ನೂ ಸರದಿಯ ಮೇಲೆ ಬೆಳೆಯುವ ಆ ಏರ್ಪಾಡಿನ ಉದ್ದೇಶ, ನೀರಿನ ಹಂಚಿಕೆಯನ್ನು ಅಧಿಕಾರಿಯ ಮರ್ಜಿಯಿಂದ ಬಿಡಿಸಿ ನಿಯಮದ ಕೈಗೆ ಒಪ್ಪಿಸುವುದು. ಮೈಸೂರಿನಲ್ಲಿ ಅವರು ದಿವಾನರಾದ ಮೇಲೆ ಕಚೇರಿಗಳ ದಕ್ಷತೆಯನ್ನು ತಪಾಸಣೆಗೆ ಒಳಪಡಿಸಿದುದರಲ್ಲಿಯೂ ಇದೇ ಮನೋಧರ್ಮ ಕಾಣುತ್ತದೆ. ದಾತರ್ತಿಯಲ್ಲಿ ಒಬ್ಬ ವ್ಯಕ್ತಿಯ ಮರ್ಜಿಯಿಂದ ಆದ ಅನುಭವಕ್ಕೆ ಅವರು ಕಂಡುಕೊಂಡ ಪರಿಹಾರ ಇದು: ವ್ಯಕ್ತಿಯ ಮರ್ಜಿಯೇ ನಡೆಯದಂಥ ವ್ಯವಸ್ಥೆಯನ್ನು ಕಟ್ಟುವುದು.

ಇದು ಸಣ್ಣ ಸಾಧನೆಯಲ್ಲ. ಶಿಫಾರಸು, ಪಕ್ಷಪಾತ, ವಿಳಂಬ ಇವುಗಳಲ್ಲಿ ಮುಳುಗಿದ ಕಚೇರಿಗೆ ನಿಯಮದಂಥ ಔಷಧ ಬೇರೊಂದಿಲ್ಲ. ಆದರೆ ‘ಸ್ವಯಂಚಾಲಿತ’ ಎಂಬ ಮಾತಿಗೂ ‘ಸ್ವಯಂಪ್ರೇರಿತ’ ಎಂಬ ಮಾತಿಗೂ ನಡುವೆ ಇರುವ ಅಂತರವನ್ನು ಇಲ್ಲಿ ಮರೆಯಬಾರದು. ಎರಡರಲ್ಲಿಯೂ ‘ಸ್ವಯಂ’ ಎಂಬುದೇ ಇದೆ. ಬಾಗಿಲು ತಾನಾಗಿ ತೆರೆಯುವುದು ಅದನ್ನು ರಚಿಸಿದವನು ಮೊದಲೇ ಊಹಿಸಿದ ಸಂದರ್ಭದಲ್ಲಿ ಮಾತ್ರ. ಯಾರೂ ಊಹಿಸದ ಸಂದರ್ಭದಲ್ಲಿ ತಾನಾಗಿ ಮುಂದಾಗುವುದು ಮನುಷ್ಯನಿಗೆ ಮಾತ್ರ ಸಾಧ್ಯ. ಒಳ್ಳೆಯ ವ್ಯವಸ್ಥೆಯು ಕೆಟ್ಟ ಅಧಿಕಾರಿಯಿಂದ ಆಗುವ ಹಾನಿಯನ್ನು ತಡೆಯಬಲ್ಲದು. ಒಳ್ಳೆಯ ಸಹಾಯಕನಲ್ಲಿ ವಿವೇಚನೆಯನ್ನು ಹುಟ್ಟಿಸಬಲ್ಲದೇ ಎಂಬುದು ಬೇರೆಯ ಮಾತು. ಇಂದಿನ ಕಾರ್ಯಸ್ಥಾನಗಳಲ್ಲಿ ಪ್ರತಿಯೊಂದು ಹೆಜ್ಜೆಯನ್ನೂ ನಮೂನೆಗಳಿಂದ ಕಟ್ಟಿಹಾಕಿ, ಬಳಿಕ ನೌಕರನಲ್ಲಿ ಸ್ವಯಂಪ್ರೇರಣೆ ಇಲ್ಲವೆಂದು ಕೊರಗುವುದರ ಮೂಲವೂ ಈ ಎರಡು ಮಾತುಗಳ ಗೊಂದಲವೇ.

4

ಕೃಷ್ಣರಾಜಸಾಗರದ ವೃತ್ತಾಂತ ಗ್ರಂಥದ ಹೃದಯಸ್ಥಾನದಲ್ಲಿದೆ. ಮುಂಬಯಿಯ ಸೇವೆಯನ್ನು ಬಿಟ್ಟ ಬಳಿಕ, ಮೂಸಿ ನದಿಯ 1908ರ ಪ್ರವಾಹದಿಂದ ಹಾಳಾದ ಹೈದರಾಬಾದಿಗೆ ರಕ್ಷಣಾಯೋಜನೆಯನ್ನು ಸಿದ್ಧಪಡಿಸಿ, ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರಾದರು. ಕನ್ನಂಬಾಡಿಯ ಬಳಿ ಕಾವೇರಿಗೆ ಕಟ್ಟೆ ಕಟ್ಟುವ ಯೋಜನೆಗೆ ಹಣಕಾಸಿನ ದೃಷ್ಟಿಯಿಂದ ಆಕ್ಷೇಪಗಳು ಬಂದವು. ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆಯಿತ್ತು 1911ರಲ್ಲಿ ಕೆಲಸ ಮೊದಲಾಯಿತು. ಕೋಲಾರದ ಚಿನ್ನದ ಗಣಿಗಳಿಗೆ ಶಿವನಸಮುದ್ರದಿಂದ ಹೆಚ್ಚಿನ ವಿದ್ಯುಚ್ಛಕ್ತಿಯನ್ನು ಒದಗಿಸುವ ಕರಾರು ಇದ್ದುದರಿಂದ ಮೊದಲ ಘಟ್ಟವನ್ನು ಗೊತ್ತಾದ ಅವಧಿಯೊಳಗೆ ಮುಗಿಸಬೇಕಾಗಿತ್ತು. ಮದರಾಸು ಸರ್ಕಾರದೊಡನೆ ನೀರಿನ ವಿವಾದವೂ ನಡೆದಿತ್ತು. ಅದು ಒಂದು ನೆಲೆಗೆ ಬಂದದ್ದು 1924ರ ಒಪ್ಪಂದದಿಂದ.

ಇಷ್ಟು ತೊಡಕುಗಳ ನಡುವೆ ಹಗಲಿರುಳು ನಡೆದ ಆ ಕೆಲಸದಲ್ಲಿ ಸಾವಿರಾರು ಜನ ದುಡಿದರು. ಕಲ್ಲು ಒಡೆದವರು, ಸುರ್ಕಿ ಗಾರೆಯನ್ನು ಅರೆದವರು, ಮೇಸ್ತ್ರಿಗಳು, ಓವರ್‌ಸೀಯರುಗಳು, ಕಿರಿಯ ಎಂಜಿನಿಯರುಗಳು, ಮುಳುಗಡೆಯಾಗಿ ಎದ್ದುಹೋದ ಕನ್ನಂಬಾಡಿಯ ಒಕ್ಕಲುಗಳು, ಇವರೆಲ್ಲರೂ ಆ ವೃತ್ತಾಂತಕ್ಕೆ ಸೇರಿದವರೇ. ಗ್ರಂಥದಲ್ಲಿ ಇವರ ಮುಖಗಳನ್ನು ಹುಡುಕಿದರೆ ನಿರಾಶೆಯಾಗುತ್ತದೆ. ಅಳತೆಗಳಿವೆ, ಅವಧಿಗಳಿವೆ, ಪತ್ರವ್ಯವಹಾರವಿದೆ. ಮೊದಲ ಬಾರಿಗೆ ಅಣೆಕಟ್ಟೆಯ ಕೆಲಸಕ್ಕೆ ಬಂದ ಒಬ್ಬ ತರುಣನು ಹೇಗೆ ಕಲಿತನು, ಯಾರು ಎಲ್ಲಿ ಎಡವಿದರು, ಯಾರ ಸೂಚನೆಯಿಂದ ಯಾವ ಕಷ್ಟ ನೀಗಿತು ಎಂಬುದಿಲ್ಲ. ಗ್ರಂಥಕರ್ತರ ಗದ್ಯವು ಸರ್ಕಾರಿ ವರದಿಯ ಗದ್ಯ: ಶುದ್ಧ, ನಿಖರ, ಅಲಂಕಾರರಹಿತ. ಆತ್ಮಪ್ರಶಂಸೆ ಅದರಲ್ಲಿ ಇಣುಕದು. ಆದರೆ ‘ನಾನು’ ಎಂಬುದನ್ನು ಹಿಂದಕ್ಕೆ ಸರಿಸಿದ ಆ ಸಂಯಮವೇ ‘ಅವರು’ ಎಂಬುದನ್ನೂ ಅಳಿಸಿಹಾಕಿದೆ. ವಿನಯದಿಂದ ಹುಟ್ಟಿದ ಈ ಮೌನವು ಓದುವವನಲ್ಲಿ ವಿನಯಕ್ಕೆ ವಿರುದ್ಧವಾದ ಭಾವನೆಯನ್ನು ಉಂಟುಮಾಡುತ್ತದೆ. ಮಿಕ್ಕವರು ಯಾರೂ ಕಾಣದಿರುವುದರಿಂದ ಎಲ್ಲವೂ ಒಬ್ಬರಿಂದಲೇ ಆಯಿತೆಂದು ಅವನು ಭಾವಿಸುತ್ತಾನೆ. ಎಂಜಿನಿಯರುಗಳ ದಿನದ ಭಾಷಣಗಳಲ್ಲಿ ಕಾಣುವ ಏಕಾಂಗಿ ವೀರನ ಚಿತ್ರಕ್ಕೆ ಗ್ರಂಥದ ಈ ಶೈಲಿಯೂ ಒಂದು ಕಾರಣವೆನ್ನಬೇಕು.

ವಾಸ್ತವ ಸಂಗತಿ ಈ ಚಿತ್ರವನ್ನು ಸಮರ್ಥಿಸುವುದಿಲ್ಲ. ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿಯನ್ನು ಬಿಟ್ಟರು. ಕಟ್ಟೆಯ ಕೆಲಸ ಪೂರ್ಣವಾದದ್ದು 1930ರ ದಶಕದ ಆರಂಭದಲ್ಲಿ. ಅಂದರೆ ಈ ಕಾರ್ಯದ ಹೆಚ್ಚಿನ ವರ್ಷಗಳು ಅವರು ಅಧಿಕಾರದಲ್ಲಿ ಇಲ್ಲದಾಗಲೇ ಕಳೆದವು. ಮುಂದಾಳು ಎದ್ದುಹೋದ ಮೇಲೂ ಕೆಲಸ ನಿಲ್ಲಲಿಲ್ಲ ಎಂಬುದು ಅವನ ಕೀರ್ತಿಗೆ ಕುಂದಲ್ಲ, ಅದಕ್ಕೆ ಅತ್ಯುತ್ತಮ ಸಾಕ್ಷ್ಯ. ಅವರಿಲ್ಲದೆಯೂ ನಡೆಯಬಲ್ಲ ಒಂದು ಕಾರ್ಯವೃಂದ ಅಲ್ಲಿ ಸಿದ್ಧವಾಗಿತ್ತು. ಅದು ಸಿದ್ಧವಾದ ಬಗೆಯನ್ನು ಹೇಳಿದ್ದರೆ ಗ್ರಂಥದ ಬೆಲೆ ಇಮ್ಮಡಿಯಾಗುತ್ತಿತ್ತು.

5

ಹೀಗೆ ಹೇಳುವುದು ಗ್ರಂಥದಲ್ಲಿ ಇಲ್ಲದುದನ್ನು ಬಯಸುವ ಅನುಚಿತ ಅಪೇಕ್ಷೆಯೆಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕೆ ಸಮಾಧಾನ ಅದೇ ಕಾಲದ ಮತ್ತೊಂದು ಗ್ರಂಥದಲ್ಲಿ ದೊರೆಯುತ್ತದೆ. ನವರತ್ನ ರಾಮರಾಯರ ‘ಕೆಲವು ನೆನಪುಗಳು’ ಸಹ ಮೈಸೂರು ಸಂಸ್ಥಾನದ ಅಧಿಕಾರಿಯೊಬ್ಬರ ಕಾರ್ಯಜೀವನದ ಕಥನವೇ. ಅಮಲ್ದಾರರಾಗಿ ತಾಲ್ಲೂಕುಗಳನ್ನು ಸುತ್ತಿ, ಮುಂದೆ ರೇಷ್ಮೆ ಮತ್ತು ಕೈಗಾರಿಕೆಗಳಿಗೆ ಸಂಬಂಧಿಸಿದ ಹಿರಿಯ ಹುದ್ದೆಗಳಲ್ಲಿದ್ದ ರಾಮರಾಯರು ಕನ್ನಡದಲ್ಲಿ ಬರೆದರು. ವರದಿಯ ಭಾಷೆಯಲ್ಲಿ ಅಲ್ಲ, ಮಾತಿನ ಭಾಷೆಗೆ ಹತ್ತಿರವಾದ ಸರಸವಾದ ಗದ್ಯದಲ್ಲಿ. ಅಲ್ಲಿ ಪಟೇಲ, ಶಾನುಭೋಗ, ಹಳ್ಳಿಯ ರೈತ, ಕಚೇರಿಯ ಜವಾನ ಇವರೆಲ್ಲ ಮಾತನಾಡುತ್ತಾರೆ. ಅಧಿಕಾರಿಯು ಅವರ ಮಾತನ್ನು ಕೇಳುತ್ತಾನೆ, ಕೆಲವೊಮ್ಮೆ ಅವರಿಂದ ಸೋಲುತ್ತಾನೆ, ತನ್ನನ್ನು ತಾನೇ ನೋಡಿ ನಗುತ್ತಾನೆ.

ಈ ವ್ಯತ್ಯಾಸ ಕೇವಲ ಸ್ವಭಾವದ್ದಲ್ಲ, ಹುದ್ದೆಯದೂ ಹೌದು. ತಾಲ್ಲೂಕಿನ ಅಮಲ್ದಾರನ ಕೆಲಸ ನಡೆಯಬೇಕಾದರೆ ವಂಶಪಾರಂಪರ್ಯದಿಂದ ಬಂದ ಪಟೇಲ ಶಾನುಭೋಗರ ನೆರವು ಬೇಕು; ಅವರು ಅವನು ಆರಿಸಿಕೊಂಡ ಸಹಾಯಕರಲ್ಲ. ಆಜ್ಞೆಯ ಬಲವೊಂದರಿಂದಲೇ ಹಳ್ಳಿಯನ್ನು ನಡೆಸಲಾಗದು. ಯಾರಿಗೆ ಯಾವ ಮಾತು ನಾಟುತ್ತದೆ, ಯಾರ ಮಾನಕ್ಕೆ ಎಲ್ಲಿ ಪೆಟ್ಟು ಬೀಳುತ್ತದೆ ಎಂಬುದನ್ನು ಅರಿಯಬೇಕು. ಕಟ್ಟೆಯನ್ನು ಕಟ್ಟುವವನು ಲೆಕ್ಕದಿಂದ ಹೊರಟು ಜನರ ಬಳಿಗೆ ಬರುತ್ತಾನೆ. ಅಮಲ್ದಾರನು ಜನರಿಂದ ಹೊರಟು ಲೆಕ್ಕಕ್ಕೆ ಬರುತ್ತಾನೆ. ವಿಶ್ವೇಶ್ವರಯ್ಯನವರ ಗ್ರಂಥ ಕಾರ್ಯವು ಹೇಗೆ ಯೋಜಿತವಾಗಬೇಕು ಎಂಬುದನ್ನು ಕಲಿಸುತ್ತದೆ. ರಾಮರಾಯರದು ಯೋಜನೆಯು ಮನುಷ್ಯರ ಕೈಗೆ ಬಂದಾಗ ಏನಾಗುತ್ತದೆ ಎಂಬುದನ್ನು ಕಲಿಸುತ್ತದೆ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾತ್ರ ಓದಿದವನು ರಸಿಕನಾದಾನು, ಕಟ್ಟೆಯನ್ನು ಕಟ್ಟಲಾರನು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಓದಿದವನು ಯೋಜನೆಯನ್ನು ಬರೆದಾನು, ತನ್ನೊಡನೆ ದುಡಿಯುವವರನ್ನು ಅರಿಯಲಾರನು.

6

ಗ್ರಂಥದ ಅತಿ ಸೂಕ್ಷ್ಮವಾದ ಭಾಗಕ್ಕೆ ಈಗ ಬರಬೇಕು. ವಿಶ್ವೇಶ್ವರಯ್ಯನವರು ದಿವಾನ ಪದವಿಯನ್ನು ಬಿಟ್ಟದ್ದಕ್ಕೆ ಮುಖ್ಯ ಕಾರಣ, ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯ ನೀಡುವ ವಿಷಯದಲ್ಲಿ ಉಂಟಾದ ಭಿನ್ನಾಭಿಪ್ರಾಯ. ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಯೋಗ್ಯತೆಯ ಹೊರತು ಬೇರೆ ಯಾವ ಅಳತೆಯಿಂದ ನೇಮಕ ನಡೆದರೂ ಆಡಳಿತದ ದಕ್ಷತೆ ಕುಂದುವುದೆಂಬುದು ದಿವಾನರ ದೃಢವಾದ ನಿಲುವು. ಇಡೀ ಕಾರ್ಯಜೀವನದ ತಿರುವಾದ ಈ ಪ್ರಸಂಗಕ್ಕೆ ಗ್ರಂಥದಲ್ಲಿ ದೊರೆತಿರುವ ಎಡೆ ಚಿಕ್ಕದು.

ಅವರ ನಿಲುವನ್ನು ಸ್ವಜನಪಕ್ಷಪಾತವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಲು ದಾರಿಮಾಡಿದ 1913ರ ಶಾಸನವೂ, 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವೂ ಅವರ ಕಾಲದವೇ. ವಿದ್ಯೆಯನ್ನು ಎಲ್ಲರಿಗೂ ಹರಡಬೇಕು, ಹುದ್ದೆಯನ್ನು ಮಾತ್ರ ಯೋಗ್ಯತೆಯಿಂದ ಕೊಡಬೇಕು ಎಂಬುದು ಅವರ ಪ್ರಾಮಾಣಿಕವಾದ ನಂಬಿಕೆ. ಪ್ರಶ್ನೆಯಿರುವುದು ಯೋಗ್ಯತೆ ಎಂಬ ಮಾತಿನ ಅರ್ಥದಲ್ಲಿ. 1919ರಲ್ಲಿ ಮಿಲ್ಲರ್ ಸಮಿತಿ ತನ್ನ ವರದಿಯಲ್ಲಿ, ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಭಾಗಕ್ಕೆ ಕಡಿಮೆಯಿಲ್ಲದಂತೆ ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂದು ಸಲಹೆ ಮಾಡಿತು. ಆ ಸಲಹೆಯ ಹಿಂದೆ ಇದ್ದ ವಿಚಾರ ನಮ್ಮ ಪ್ರಸ್ತುತ ವಿಷಯಕ್ಕೆ ಬಲು ಹತ್ತಿರದ್ದು: ದಕ್ಷತೆಯನ್ನು ಪರೀಕ್ಷೆಯ ಅಂಕಗಳಿಂದ ಮಾತ್ರ ಅಳೆಯಲಾಗದು, ಸಹಾನುಭೂತಿ, ಪ್ರಾಮಾಣಿಕತೆ, ಉತ್ಸಾಹ, ವ್ಯವಹಾರಜ್ಞಾನ ಇವೂ ಒಳ್ಳೆಯ ಅಧಿಕಾರಿಯ ಲಕ್ಷಣಗಳೇ ಎಂದು ಸಮಿತಿ ವಾದಿಸಿತು. ರಾಮರಾಯರ ಗ್ರಂಥದ ಅಮಲ್ದಾರನಿಗೆ ದಿನದಿನವೂ ಬೇಕಾಗುವ ಗುಣಗಳೂ ಇವೇ ಎಂಬುದನ್ನು ನೆನೆಯಬಹುದು.

ವಿಶ್ವೇಶ್ವರಯ್ಯನವರ ವಾದಕ್ಕೆ ಉತ್ತರ ಸಮಿತಿಯ ವರದಿಯಲ್ಲಿ ಮಾತ್ರವಲ್ಲ, ಅವರ ಬಾಳಿನಲ್ಲಿಯೇ ದೊರೆಯುತ್ತದೆ. ಮುಂಬಯಿ ಪ್ರಾಂತದಲ್ಲಿ ಅಷ್ಟು ಕೀರ್ತಿ ಗಳಿಸಿದ ಮೇಲೂ ಭಾರತೀಯನೆಂಬ ಕಾರಣದಿಂದ ಚೀಫ್ ಎಂಜಿನಿಯರ್ ಪದವಿ ತಮಗೆ ದೊರೆಯಲಾರದೆಂಬುದನ್ನು ಅವರು ಅರಿತಿದ್ದರು. ಅಲ್ಲಿ ಅವರಿಗೆ ಇಲ್ಲದೆಹೋದದ್ದು ಯೋಗ್ಯತೆಯಲ್ಲ, ಅವಕಾಶ. 1923ರಿಂದ 1929ರವರೆಗೆ ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತಮಂಡಲಿಗೆ ಅಧ್ಯಕ್ಷರಾಗಿದ್ದರು. ಅಮೆರಿಕದ ತಜ್ಞರ ನೆರವಿನಿಂದ ಆರಂಭವಾಗಿ ನಷ್ಟದಲ್ಲಿದ್ದ ಆ ಕಾರ್ಖಾನೆಯನ್ನು ಅವರು ಚೇತರಿಸಿದ ಬಗೆಯಲ್ಲಿ ಒಂದು ಮುಖ್ಯವಾದ ಅಂಶ, ಹೊರನಾಡಿನವರ ಸ್ಥಾನಗಳಲ್ಲಿ ಕ್ರಮವಾಗಿ ಈ ನಾಡಿನವರನ್ನು ನಿಲ್ಲಿಸಿದುದು. ಕಬ್ಬಿಣ ಕರಗಿಸುವ ಕುಲುಮೆಯ ಅನುಭವ ಆ ತರುಣರಿಗೆ ಮೊದಲೇ ಇರಲಿಲ್ಲ. ಇದ್ದ ಯೋಗ್ಯತೆಯನ್ನು ಮಾತ್ರ ಅಳೆದಿದ್ದರೆ ಅವರು ಆ ಸ್ಥಾನಕ್ಕೆ ಬರುವಂತಿರಲಿಲ್ಲ. ಹೊಣೆಯನ್ನು ಮೊದಲು ವಹಿಸಿ, ಅದರಿಂದ ಯೋಗ್ಯತೆಯು ಬೆಳೆಯುವುದೆಂಬ ವಿಶ್ವಾಸದಿಂದ ಅಧ್ಯಕ್ಷರು ಅವರನ್ನು ನಿಲ್ಲಿಸಿದರು, ಅವರು ನಿಂತರು. ದಿವಾನರು 1918ರಲ್ಲಿ ಒಪ್ಪದ ತತ್ತ್ವವನ್ನು ಕಾರ್ಖಾನೆಯ ಅಧ್ಯಕ್ಷರು ಕೆಲವೇ ವರ್ಷಗಳ ಬಳಿಕ ಭದ್ರಾವತಿಯಲ್ಲಿ ಆಚರಿಸಿ ತೋರಿಸಿದರು ಎನ್ನಬಹುದು. ಸಂದರ್ಭಗಳು ಎರಡೂ ಒಂದೇ ಅಲ್ಲ. ಒಂದು ಸಮಾಜದ ಒಳಗಿನ ಅಸಮತೆ, ಮತ್ತೊಂದು ದೇಶಗಳ ನಡುವಣ ಅಸಮತೆ. ಆದರೂ ಅವಕಾಶವು ಯೋಗ್ಯತೆಯ ಫಲವಾಗಿರುವಂತೆಯೇ ಅದರ ಬೀಜವೂ ಆಗಿದೆ ಎಂಬ ಸತ್ಯ ಎರಡಕ್ಕೂ ಸಮಾನ. ಗ್ರಂಥಕರ್ತರು ಈ ಎರಡು ಪ್ರಸಂಗಗಳನ್ನು ಒಂದರ ಬೆಳಕಿನಲ್ಲಿ ಮತ್ತೊಂದನ್ನು ಇಟ್ಟು ನೋಡಲಿಲ್ಲ. ಗ್ರಂಥದ ದೊಡ್ಡ ಕೊರತೆ ಇದು.

7

ಒಟ್ಟಿನಲ್ಲಿ ಹೇಳುವುದಾದರೆ, ಈ ಗ್ರಂಥವು ಪರಿಶ್ರಮ, ಮುಂದಾಲೋಚನೆ, ಶುದ್ಧಹಸ್ತ ಇವುಗಳ ಅಪೂರ್ವವಾದ ದಾಖಲೆ. ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ತರುಣರಿಗೆ ಕಸಬು ಕಲಿಸುವ ಸಂಸ್ಥೆಗೆ ವಿನಿಯೋಗಿಸಬೇಕೆಂದು ಅಪೇಕ್ಷಿಸಿ, ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯ ಉದಯಕ್ಕೆ ಕಾರಣರಾದವರ ಬಗೆಗೆ ಗೌರವವಲ್ಲದೆ ಬೇರೆ ಭಾವನೆ ಉಂಟಾಗದು. ವಿಮರ್ಶೆಗೆ ಒಳಪಡಬೇಕಾದದ್ದು ಆ ವ್ಯಕ್ತಿತ್ವವಲ್ಲ. ಗ್ರಂಥವು ಅದನ್ನು ಕಾಣಿಸಿದ ಬಗೆ, ಮತ್ತು ನಾವು ಆ ಗ್ರಂಥವನ್ನು ಓದುತ್ತ ಬಂದ ಬಗೆ.

ಇಂದಿನ ಕಾರ್ಯಸ್ಥಾನದ ಮುಂದಾಳುಗಳಿಗೆ ಈ ಗ್ರಂಥವನ್ನು ಪಠ್ಯವಾಗಿ ಒಪ್ಪಿಸುವವರು ಅದರಲ್ಲಿ ಬರೆದುದರ ಜೊತೆಗೆ ಬರೆಯದೆ ಬಿಟ್ಟುದನ್ನೂ ಓದಿಸಬೇಕು. ದಾತರ್ತಿಯ ಹಳ್ಳದ ಬಳಿ ನಿಂತ ತರುಣನ ಮಾತನ್ನು ಕೇಳಬಲ್ಲ ಮೇಲಧಿಕಾರಿ ಬೇಕು. ಮುಂದಾಳು ಎದ್ದುಹೋದ ಮೇಲೂ ಕನ್ನಂಬಾಡಿಯ ಕಟ್ಟೆಯನ್ನು ಮುಗಿಸಬಲ್ಲ ಕಾರ್ಯವೃಂದ ಬೇಕು. ಹಿಂದೆ ಎಂದೂ ಕುಲುಮೆಯ ಮುಂದೆ ನಿಲ್ಲದವನನ್ನು ನಿಲ್ಲಿಸುವ ಧೈರ್ಯ ಬೇಕು. ಈ ಮೂರಕ್ಕೂ ನಿದರ್ಶನಗಳು ವಿಶ್ವೇಶ್ವರಯ್ಯನವರ ಬಾಳಿನಲ್ಲಿಯೇ ಉಂಟು. ಅವುಗಳನ್ನು ಒಟ್ಟುಗೂಡಿಸುವ ಕೆಲಸವನ್ನು ಗ್ರಂಥಕರ್ತರು ಮಾಡಲಿಲ್ಲ. ಆ ಕಟ್ಟೆಯಲ್ಲಿಯೂ ಕಾರ್ಖಾನೆಯಲ್ಲಿಯೂ ದುಡಿದ ಕಿರಿಯ ನೌಕರರ ನೆನಪುಗಳು, ಇಲಾಖೆಯ ಕಡತಗಳು, ಕನ್ನಂಬಾಡಿಯ ಸುತ್ತಣ ಹಳ್ಳಿಗಳ ಮಾತುಕಥೆಗಳು ಇವನ್ನು ಗ್ರಂಥದೊಡನೆ ಇಟ್ಟು ಅಭ್ಯಸಿಸುವವರು ಮುಂದೆ ಬಂದರೆ, ಒಬ್ಬ ಮಹಾಪುರುಷನ ಕಾರ್ಯಜೀವನವು ಒಂದು ನಾಡಿನ ಕಾರ್ಯಜೀವನವಾಗಿ ನಮಗೆ ಕಂಡೀತು.